ಮುಳ್ಳಿರುವ ಗಾಳ, ಸೀಸದ ಗುಂಡು ಇನ್ನು ನಮ್ಮಲ್ಲಿ ಸಿಗುವುದಿಲ್ಲ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಮೊನೆಯ ಹಿಂದೆ ಸಣ್ಣ ಮುಳ್ಳಿರುವ ಮೀನಿನ ಗಾಳಗಳನ್ನೂ, ತೂಕಕ್ಕೆಂದು ದಾರಕ್ಕೆ ಕಟ್ಟುವ ಸೀಸದ ಸಣ್ಣ ಗುಂಡುಗಳನ್ನೂ ಮಾರುವುದಿಲ್ಲ. ಉಳಿದ ದಾಸ್ತಾನನ್ನು ರಿಯಾಯಿತಿಯಲ್ಲಿ ಖಾಲಿ ಮಾಡುವುದೂ ಇಲ್ಲ. ಸಗಟು ವ್ಯಾಪಾರಿಗಳು ವಾಪಸ್ ತೆಗೆದುಕೊಂಡಷ್ಟನ್ನು ಕೊಟ್ಟಿದ್ದೇವೆ, ಮಿಕ್ಕ ಗಾಳಗಳ ಮುಳ್ಳನ್ನು ಸಂಜೆ ಬಾಗಿಲು ಹಾಕಿದ ಮೇಲೆ ನಾವೇ ಕುಳಿತು ಒತ್ತಿ ಚಪ್ಪಟೆ ಮಾಡುತ್ತಿದ್ದೇವೆ. ಬಹಳ ವರ್ಷಗಳಿಂದ ಬರುತ್ತಿರುವ ಕೆಲವರು ಇದನ್ನು ಕೇಳಿ ಬೇಸರಪಟ್ಟಿದ್ದಾರೆ. ನಿಂತ ನಿಲುವಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕಾಗಿ ಈ ಪತ್ರ.

ಕೆಲವು ತಿಂಗಳ ಹಿಂದೆ ಒಬ್ಬ ತಂದೆ ತಮ್ಮ ಮಗನನ್ನು ಕರೆದುಕೊಂಡು ಅಂಗಡಿಗೆ ಓಡಿಬಂದರು. ಹಿಂದೆ ಯಾರಿದ್ದಾರೆಂದು ನೋಡದೆ ಯಾರೋ ಗಾಳದ ಕೋಲು ಬೀಸಿದ್ದರು. ಹುಡುಗನ ಹೆಬ್ಬೆರಳಿನಲ್ಲಿ ಗಾಳ ಅರ್ಧಕ್ಕೂ ಹೆಚ್ಚು ಇಳಿದಿತ್ತು. ರಕ್ತ ಹೆಚ್ಚಿರಲಿಲ್ಲ, ಆದರೆ ಗಾಳವನ್ನು ಸ್ವಲ್ಪ ಅಲುಗಿಸಿದರೂ ಚರ್ಮ ಡೇರೆಯಂತೆ ಮೇಲೇಳುತ್ತಿತ್ತು. ಮೊನೆಯ ಹಿಂದೆ ತಿರುಗಿ ನಿಂತ ಆ ಸಣ್ಣ ಮುಳ್ಳಿನ ಕೆಲಸವೇ ಅದು: ಒಳಗೆ ಹೋಗಲು ದಾರಿ ಕೊಡುತ್ತದೆ, ಹೊರಗೆ ಬರಲು ಬಿಡುವುದಿಲ್ಲ. ನಾವು ಕೈಹಾಕದೆ ವೈದ್ಯರ ಬಳಿಗೆ ಕಳುಹಿಸಿದೆವು. ಹುಡುಗನ ಜೇಬಿನಲ್ಲಿದ್ದ ಅಂಥದೇ ಗಾಳಗಳ ಪೊಟ್ಟಣ ನಮ್ಮ ಅಂಗಡಿಯದೇ. ಆ ರಾತ್ರಿ ನಾವು ಸರಿಯಾಗಿ ನಿದ್ದೆ ಮಾಡಲಿಲ್ಲ.

ಬೆರಳಿಗೆ ಆಗಿದ್ದೇ ಮೀನಿನ ಬಾಯಿಗೂ ಆಗುತ್ತದೆ. ಹಿಡಿದ ಮೀನನ್ನು ಮನೆಗೆ ಒಯ್ಯುವವರ ಜೊತೆ ನಮಗೆ ಯಾವ ತಕರಾರೂ ಇಲ್ಲ. ಆದರೆ ಮರಿಯನ್ನು, ಮೊಟ್ಟೆ ತುಂಬಿದ ಮೀನನ್ನು ಎಲ್ಲರೂ ನೀರಿಗೆ ಬಿಡಬೇಕಾಗುತ್ತದೆ. ಮುಳ್ಳಿದ್ದರೆ ಬಿಡಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಮೀನು ನೀರಿನಾಚೆ ಕಿವಿರು ಬಡಿಯುತ್ತಿರುತ್ತದೆ, ಒಣಗೈ ತಾಗಿ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ. ಆ ಲೋಳೆಯೇ ಅದಕ್ಕೆ ರೋಗದಿಂದ ಕಾವಲು. ಮುಳ್ಳಿಲ್ಲದ ಗಾಳವನ್ನಾದರೆ ಮೀನು ನೀರಿನಲ್ಲಿರುವಾಗಲೇ, ಒದ್ದೆ ಕೈಯಲ್ಲಿ ಒಮ್ಮೆ ಹಿಂದಕ್ಕೆ ತಿರುಗಿಸಿ ತೆಗೆದುಬಿಡಬಹುದು.

ಮೀನು ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ದಾರ ಸಡಿಲವಾದರೆ ತಪ್ಪಿಸಿಕೊಳ್ಳುತ್ತದೆ. ಕೋಲು ಬಾಗಿಯೇ ಇರಲಿ, ಮೀನು ಮೇಲಕ್ಕೆ ಚಿಮ್ಮಿದಾಗಲೂ ದಾರದ ಬಿಗಿ ಬಿಡಬೇಡಿ. ಮುಳ್ಳಿಲ್ಲದ ಮೊನೆ ಕಡಿಮೆ ಎಳೆತಕ್ಕೇ ಸಲೀಸಾಗಿ ಇಳಿಯುವುದರಿಂದ ಜೋರಾಗಿ ಜಗ್ಗುವ ಅಗತ್ಯವೂ ಇಲ್ಲ. ನಮ್ಮ ಅನುಭವದಲ್ಲಿ ಇದು ಕೈಯನ್ನು ಇನ್ನಷ್ಟು ಹದಗೊಳಿಸುತ್ತದೆ.

ಇನ್ನು ಸೀಸ. ನೀರುಹಕ್ಕಿಗಳಿಗೆ ಹಲ್ಲಿಲ್ಲ. ಆಹಾರ ಅರೆಯಲೆಂದು ಅವು ತಳದ ಸಣ್ಣ ಕಲ್ಲುಗಳನ್ನು ನುಂಗುತ್ತವೆ, ಜೊತೆಗೆ ನಾವು ಕಳೆದುಕೊಂಡ ಗುಂಡುಗಳನ್ನೂ ನುಂಗುತ್ತವೆ. ಹೊಟ್ಟೆಯಲ್ಲಿ ಸೀಸ ಅರೆದು ರಕ್ತಕ್ಕೆ ಸೇರುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದರಿಂದಲೇ ಅಲ್ಲಿ 1987ರಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಷೇಧಿಸಿದರು. ಕಾನೂನು ಹೇಳಲಿ ಎಂದು ನಾವು ಕಾಯಬೇಕಾಗಿರಲಿಲ್ಲ, ಇಷ್ಟು ವರ್ಷ ಕಾದದ್ದು ನಮ್ಮ ತಪ್ಪು. ಗುಂಡನ್ನು ದಾರಕ್ಕೆ ಹಲ್ಲಿನಿಂದ ಕಚ್ಚಿ ಕೂರಿಸುವ ಅಭ್ಯಾಸ ನಿಮಗಿದ್ದರೆ ಇವತ್ತೇ ಬಿಡಿ, ದಯವಿಟ್ಟು. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬೇಡಿ.

ಬದಲಿಗೆ ತವರ ಮತ್ತು ಟಂಗ್‌ಸ್ಟನ್ ಗುಂಡುಗಳನ್ನು ತರಿಸಿದ್ದೇವೆ. ತವರ ಹಗುರ: ನೀರಿಗೆ ಹೋಲಿಸಿದರೆ ಸೀಸದ ತೂಕ ಸುಮಾರು 11.3 ಪಟ್ಟು, ತವರದ್ದು 7.3 ಪಟ್ಟು. ಆದ್ದರಿಂದ ಎರಡು ಸೀಸದ ಗುಂಡು ಕಟ್ಟುತ್ತಿದ್ದ ಕಡೆ ಅದೇ ಗಾತ್ರದ ಮೂರು ತವರದ ಗುಂಡು ಕಟ್ಟಿದರೆ ದಾರದಲ್ಲಿ ತೇಲುವ ಬೆಂಡು ಹೆಚ್ಚುಕಡಿಮೆ ಹಿಂದಿನಷ್ಟೇ ಮುಳುಗುತ್ತದೆ. ಟಂಗ್‌ಸ್ಟನ್ 19.3 ಪಟ್ಟು, ಸೀಸಕ್ಕಿಂತ ಚಿಕ್ಕ ಗುಂಡೇ ಸಾಕು, ಆದರೆ ದುಬಾರಿ. ದಿನನಿತ್ಯಕ್ಕೆ ತವರವೇ ಸಾಕು ಎನ್ನುವುದು ನಮ್ಮ ಸಲಹೆ.

ಇಂಥ ಅಂಗಡಿಗೆ ಜನ ಸಾಮಾನು ಕೊಳ್ಳಲು ಮಾತ್ರ ಬರುವುದಿಲ್ಲ ಎಂಬುದು ನಮಗೆ ಚೆನ್ನಾಗಿ ಗೊತ್ತು. ಗಂಟು ಬಿಗಿಯುವ ಮುನ್ನ ದಾರವನ್ನು ಒದ್ದೆ ಮಾಡಬೇಕು, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ನೈಲಾನ್ ಸೊರಗುತ್ತದೆ ಎಂದು ಹೊಸಬರು ಕಲಿಯುವುದು ನಮ್ಮ ಕೌಂಟರಿನ ಮುಂದೆ, ಪಕ್ಕದಲ್ಲಿ ನಿಂತ ಹಳಬರ ಬಾಯಿಂದ. ಒಬ್ಬರು ಕುಳಿತ ಜಾಗದ ಮುಂದೆ ದಾರ ಎಸೆಯಬಾರದು, ಪಕ್ಕದವರ ಗಾಳಕ್ಕೆ ದೊಡ್ಡ ಮೀನು ಬಿದ್ದರೆ ನಮ್ಮ ದಾರವನ್ನು ಸುತ್ತಿಕೊಂಡು ದಾರಿ ಬಿಡಬೇಕು, ತುಂಡಾದ ದಾರವನ್ನು ದಡದಲ್ಲಿ ಬಿಟ್ಟು ಬರಬಾರದು: ಇವು ಎಲ್ಲೂ ಬರೆದಿಟ್ಟ ನಿಯಮಗಳಲ್ಲ, ಬಾಯಿಂದ ಬಾಯಿಗೆ ಬಂದವು. ಅದನ್ನೆಲ್ಲ ಹೇಳಿಕೊಟ್ಟ ಕೈಯಲ್ಲೇ ಮುಳ್ಳಿನ ಗಾಳವನ್ನೂ ಸೀಸವನ್ನೂ ಕಟ್ಟಿಕೊಡುವುದು ನಮಗೆ ಇನ್ನು ಸಾಧ್ಯವಿಲ್ಲ. ನಮ್ಮಿಂದ ಹೋದ ವಸ್ತು ನೀರಿನ ಬಳಿ ಏನು ಮಾಡುತ್ತದೆ ಎಂಬುದಕ್ಕೆ ನಾವೂ ಹೊಣೆ.

ಇದೇ ಕಾರಣಕ್ಕೆ ಗೋಡೆಯ ಮೇಲಿನ ಫೋಟೋಗಳ ಕೆಳಗೆ ಬರೆದಿದ್ದ, ಮೀನು ಸಿಕ್ಕ ಜಾಗದ ಹೆಸರುಗಳನ್ನೂ ಅಳಿಸಿದ್ದೇವೆ. ಒಬ್ಬರು ವರ್ಷಗಟ್ಟಲೆ ಹುಡುಕಿ ಕಂಡುಕೊಂಡ ಜಾಗವನ್ನು ಊರಿಗೆಲ್ಲ ಸಾರುವ ಹಕ್ಕು ನಮಗಿಲ್ಲ. ಯಾವ ಕಾಲಕ್ಕೆ ಯಾವ ಎರೆ, ಎಷ್ಟು ಆಳ ಎಂದು ಕೇಳಿ, ಸಂತೋಷದಿಂದ ಹೇಳುತ್ತೇವೆ.

ನಿಮ್ಮ ಬಳಿ ಇರುವ ಹಳೆಯ ಗಾಳಗಳನ್ನು ತನ್ನಿ, ಎಷ್ಟೇ ಇರಲಿ, ಮುಳ್ಳು ಒತ್ತಿಕೊಡುತ್ತೇವೆ, ಹಣ ಬೇಡ. ಮನೆಯಲ್ಲೇ ಮಾಡುವುದಾದರೆ ಮೊದಲು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಗಡಸು ಉಕ್ಕಿನ ಗಾಳದ ಮೊನೆ ಮುರಿದು ಸಿಡಿಯುವುದುಂಟು. ಇಕ್ಕಳವನ್ನು ಅಡ್ಡಲಾಗಿ ಹಿಡಿಯದೆ ಮೊನೆಯ ನೇರಕ್ಕೆ ಹಿಡಿದು, ನಿಧಾನವಾಗಿ ಒತ್ತಿ. ಆಮೇಲೆ ಹತ್ತಿಯ ಬಟ್ಟೆಗೆ ಚುಚ್ಚಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಮುಳ್ಳು ಇನ್ನೂ ಉಳಿದಿದೆ ಎಂದರ್ಥ, ಮತ್ತೊಮ್ಮೆ ಒತ್ತಿ.

ಸೀಸದ ಗುಂಡುಗಳನ್ನು ಕಸದ ಬುಟ್ಟಿಗೆ ಎಸೆಯದೆ ಮುಚ್ಚಳವಿರುವ ಡಬ್ಬಿಯಲ್ಲಿ ನಮಗೆ ತಂದುಕೊಡಿ. ಅವನ್ನು ಹಳೆಯ ಲೋಹ ಕರಗಿಸುವವರಿಗೆ ತಲುಪಿಸುತ್ತೇವೆ, ಡಬ್ಬಿ ತಂದವರಿಗೆ ಒಂದು ಪೊಟ್ಟಣ ತವರದ ಗುಂಡು ನಮ್ಮ ಕಡೆಯಿಂದ. ಕತ್ತರಿಸಿದ ನೈಲಾನ್ ದಾರಕ್ಕೆ ಬಾಗಿಲ ಪಕ್ಕದಲ್ಲಿ ಬೇರೆ ಪೆಟ್ಟಿಗೆ ಇಟ್ಟಿದ್ದೇವೆ.

ಮೊದಲ ವಾರ ಗಾಳ ಒತ್ತಿಸಿಕೊಳ್ಳಲು ಹೆಚ್ಚು ಜನ ಬರಬಹುದು. ಬೆಳಿಗ್ಗೆ ಬಂದರೆ ಕಾಯುವುದು ತಪ್ಪುತ್ತದೆ.

ನಿಮ್ಮ ವಿಶ್ವಾಸಿಗಳು,
ಅಂಗಡಿಯ ಎಲ್ಲರ ಪರವಾಗಿ