ಗೋದಲಿಗೆ ಸರಳತೆಯೇ ಶೋಭೆ

ಮಾನ್ಯರೇ,

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕಟ್ಟುವ ಗೋದಲಿಯು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯು, ಈಚೆಗೆ ಥರ್ಮಾಕೋಲ್, ಪ್ಲಾಸ್ಟಿಕ್ ಹುಲ್ಲು ಮತ್ತು ಮಿಣುಕು ದೀಪಗಳ ಪ್ರದರ್ಶನವಾಗಿ ಬದಲಾಗುತ್ತಿರುವುದು ವಿಷಾದನೀಯ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸರು ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದಾಗ ಅಲ್ಲಿದ್ದುದು ಒಣಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಛತ್ರದಲ್ಲಿ ಸ್ಥಳ ಸಿಗದೆ ಮರಿಯಮ್ಮನವರು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಂತಹ ತೊಟ್ಟಿಯಲ್ಲಿ ಮಲಗಿಸಿದರೆಂದು ಲೂಕನ ಶುಭಸಂದೇಶ ಹೇಳುವ ಆ ಬಡತನವನ್ನು ಜನರ ಕಣ್ಣಿಗೆ ಕಟ್ಟಿಸುವುದೇ ಫ್ರಾನ್ಸಿಸರ ಉದ್ದೇಶವಾಗಿತ್ತು.

ನಮ್ಮಲ್ಲಿಯೂ ಹಬ್ಬಕ್ಕೆ ಮೊದಲೇ ತಟ್ಟೆ, ಗೆರಟೆಗಳಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತಿ, ಮೊಳೆತ ಹಸಿರನ್ನು ಗೋದಲಿಯ ಸುತ್ತ ಇಡುವ, ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುವ ರೂಢಿಯಿತ್ತು. ಮಕ್ಕಳು ದಿನವೂ ನೀರು ಚಿಮುಕಿಸಿ ಮೊಳಕೆಗಾಗಿ ಕಾಯುವುದು ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದ ನಿರೀಕ್ಷೆಗೆ ತಕ್ಕುದಾಗಿತ್ತು; ಅಂಗಡಿಯಿಂದ ತಂದು ಒಂದೇ ಸಂಜೆಯಲ್ಲಿ ಜೋಡಿಸಿಬಿಡುವ ಸಿದ್ಧ ಗೋದಲಿಯಲ್ಲಿ ಆ ಕಾಯುವಿಕೆಗೆ ಎಡೆಯೇ ಇಲ್ಲ. ಮೇಲಾಗಿ, ಜನವರಿಯಲ್ಲಿ ಈ ಥರ್ಮಾಕೋಲ್ ಸೇರುವುದು ಕಸದ ರಾಶಿಗೆ. ಅಲಂಕಾರವೇ ಬೇಡವೆಂಬುದು ನನ್ನ ವಾದವಲ್ಲ. ಹಬ್ಬಕ್ಕೆ ದೀಪವೂ ಬೇಕು, ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರವೂ ಬೇಕು.

ಚರ್ಚ್‌ಗಳು ಹಾಗೂ ಸಂಘಸಂಸ್ಥೆಗಳು ನಡೆಸುವ ಗೋದಲಿ ಸ್ಪರ್ಧೆಗಳಲ್ಲಿ ವೈಭವಕ್ಕೆ ಬದಲಾಗಿ ಮಣ್ಣು, ಹುಲ್ಲು, ಬಿದಿರಿನ ಬಳಕೆಗೂ ಮನೆಮಂದಿಯ ಕೈಕೆಲಸಕ್ಕೂ ಹೆಚ್ಚು ಅಂಕ ನೀಡಿ, ಥರ್ಮಾಕೋಲ್ ಬಳಸುವಂತಿಲ್ಲವೆಂಬ ನಿಯಮವನ್ನು ಈ ವರ್ಷದಿಂದಲೇ ಜಾರಿಗೆ ತರುವುದು ಒಳಿತು.

– ಓರ್ವ ಓದುಗ, ಮಂಗಳೂರು