ಅದು ನಿನ್ನಲ್ಲೂ ಇದೆ ಕಣೇ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದದ ಕೊನೆಯ ಸಾಲು ಎರಡು ದಿನದಿಂದ ತಲೆಯಲ್ಲೇ ಕೂತಿದೆ. "ಅಮ್ಮನ ಸ್ತನ ಕ್ಯಾನ್ಸರ್ ಹರ್-2 ಪಾಸಿಟಿವ್ ಅಂದ್ರೆ ನನ್ನ ಮೈಯಲ್ಲೂ ಅದು ಇದೆಯಾ?"

ಇದೆ. ನನ್ನಲ್ಲೂ ಇದೆ, ಹಾಲು ಹಾಕುವ ಹುಡುಗನಲ್ಲೂ ಇದೆ. ಹೆದರಬೇಡ, ಪೂರ್ತಿ ಓದು. ಜೀವಕೋಶದ ಹೊರಮೈಯಲ್ಲಿ ನಿಂತು, "ಬೆಳೆ" ಅನ್ನುವ ಸುದ್ದಿಯನ್ನು ಒಳಗೆ ದಾಟಿಸುವ ಪ್ರೋಟೀನು ಅದು. ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಹೃದಯ ಬೆಳೆಯಲಿಕ್ಕೂ ಅದು ಬೇಕಿತ್ತು. 1995ರಲ್ಲಿ ಆ ಪ್ರೋಟೀನು ಮಾಡಿಸುವ ಜೀನ್ ಇಲ್ಲದ ಇಲಿಗಳನ್ನು ಮಾಡಿ ನೋಡಿದರು. ಮರಿಗಳು ಹುಟ್ಟುವ ಮೊದಲೇ ಸತ್ತವು. ಹೃದಯದ ಒಳಗಿನ ಸ್ನಾಯು ಕಟ್ಟಿಕೊಂಡೇ ಇರಲಿಲ್ಲ.

ಪಾಸಿಟಿವ್ ಅಂದರೆ, ಗಡ್ಡೆಯ ಕೋಶಗಳಲ್ಲಿ ಆ ಜೀನಿನ ಪ್ರತಿಗಳು ಜಾಸ್ತಿಯಾಗಿ, ಪ್ರೋಟೀನು ಕಿಕ್ಕಿರಿದು, ಯಾರೂ ಹೇಳದಿದ್ದರೂ "ಬೆಳೆ ಬೆಳೆ" ಅನ್ನುತ್ತಿದೆ. ಆ ಎಡವಟ್ಟು ಆದದ್ದು ಗಡ್ಡೆಯೊಳಗೆ. ಅಮ್ಮನಿಂದ ನಿನಗೆ ಇಳಿದು ಬರುವಂಥದ್ದಲ್ಲ.

ಅಜ್ಜಿಯ, ಅಂದರೆ ನನ್ನಮ್ಮನ, ಕ್ಯಾನ್ಸರಿನ ಕಥೆ ನಿನಗೆ ಗೊತ್ತು. ಒಂದು ಮಾತ್ರ ನಾನು ಯಾರಿಗೂ ಹೇಳಿಲ್ಲ. 1987ರ ದೀಪಾವಳಿ. ಎಣ್ಣೆಸ್ನಾನದ ದಿನ ಪ್ರತಿ ವರ್ಷ ಅಮ್ಮನ ಬೆನ್ನು ತಿಕ್ಕುತ್ತಿದ್ದವಳು ನಾನೇ. ಆ ವರ್ಷ ಅವಳು ಬಚ್ಚಲಮನೆಯ ಚಿಲಕ ಹಾಕಿಕೊಂಡಳು. ಸೀಗೆಪುಡಿ ಬಟ್ಟಲು ಹಿಡಿದು, ಒಳಗಿನ ಚೊಂಬಿನ ಸದ್ದು ಕೇಳುತ್ತಾ ನಿಂತಿದ್ದೆ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ನಾನು! "ಯಾಕಮ್ಮ?" ಅಂತ ಒಂದು ಮಾತು ಕೇಳಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಡೆನಿಸ್ ಸ್ಲೇಮನ್ ಮತ್ತು ಜೊತೆಯವರು, ಈ ಜೀನ್ ಹೆಚ್ಚಾದ ಸ್ತನ ಕ್ಯಾನ್ಸರ್ ಬೇಗ ಮರುಕಳಿಸುತ್ತದೆ ಎಂದು ಬರೆದಿದ್ದರು. ಆ ಜೀನಿನ ಪ್ರೋಟೀನನ್ನೇ ಹಿಡಿದು ತಡೆಯುವ ಔಷಧಿ ಟ್ರಾಸ್ಟುಜುಮಾಬ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಅಮ್ಮನದು ಯಾವ ಬಗೆಯದೋ, ಯಾರೂ ನೋಡಲಿಲ್ಲ. ನಿನ್ನಮ್ಮನಿಗೆ ಆ ಔಷಧಿಯಾದರೂ ಇದೆ ಅಲ್ವಾ.

ಮತ್ತೆ ನಿನ್ನ ಪ್ರಶ್ನೆಗೇ ಬಂದೆ ನೋಡು. ಹರ್-2 ಭಯ ಬಿಡು. ಆದರೆ ಅಜ್ಜಿಗೂ ಬಂತು, ಅಮ್ಮನಿಗೂ ಬಂತು ಅಂತ ಡಾಕ್ಟರ ಹತ್ತಿರ ಹೇಳಿಬಿಡು. ವಂಶದಲ್ಲಿ ಬರಬಹುದಾದದ್ದು ಬಿಆರ್‌ಸಿಎ ಥರದ ಜೀನುಗಳ ದೋಷ, ಅದೇ ಬೇರೆ. ಪರೀಕ್ಷೆ ಬೇಕೆಂದರೆ ಸಾಮಾನ್ಯವಾಗಿ ಮೊದಲು ಅಮ್ಮನಿಗೇ ಮಾಡುತ್ತಾರೆ. ಹಳೇ ಟೀಚರಮ್ಮನ ಮಾತು, ಡಾಕ್ಟರು ಹೇಳಿದ್ದೇ ಕೊನೆ.

ಇನ್ನೊಂದು. ದೊಡ್ಡವರ ಹೃದಯಕ್ಕೂ ಆ ಪ್ರೋಟೀನು ಬೇಕು, ಅದಕ್ಕೇ ಈ ಔಷಧಿ ಕೊಡುವಾಗ ಮಧ್ಯೆ ಮಧ್ಯೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುವುದು. ನಿನ್ನಮ್ಮ "ಸುಮ್ನೆ ದುಡ್ಡು ದಂಡ" ಅಂತಾಳೆ, ಬಿಡಬೇಡ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ, ಪಾದ ಊದಿದೆಯಾ ಅಂತ ಬಾಯಿಬಿಟ್ಟು ಕೇಳು. ಬೈತಾಳೆ. ಬೈಸಿಕೋ.

ನಿನ್ನ ದೊಡ್ಡಮ್ಮ