ಪಾಲಾರ್ ಜಲಾನಯನಕ್ಕೆ ನೀರಿನ ಲೆಕ್ಕ ಬೇಕು: ಸಣ್ಣ ನೀರಾವರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೆಂಗಳೂರಿನಲ್ಲಿ ಎರಡು ಹಂತ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದರ ಹಿಂದೊಂದರಂತೆ ಕೋಲಾರ ಜಿಲ್ಲೆಯ ಕೆರೆಗಳಿಗೆ ಇಳಿಯಿತು. ವರ್ಷಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆಯಂಗಳಗಳಲ್ಲಿ ನೀರು ಕಂಡ ನಮಗೆ ಆ ಯೋಜನೆಯ ಬೆಲೆ ಗೊತ್ತಿದೆ, ಆದ್ದರಿಂದ ಈ ಪತ್ರ ಅದರ ವಿರುದ್ಧವಲ್ಲ. ಹೊರಗಿನಿಂದ ನೀರು ತರುವ ಆತುರದಲ್ಲಿ, ಪಾಲಾರ್‌ನಂಥ ನಮ್ಮದೇ ನದಿಗಳ ಜಲಾನಯನದಲ್ಲಿ ಬೀಳುವ, ಹರಿಯುವ, ಇಂಗುವ ಮತ್ತು ನಾವು ಮೇಲೆತ್ತುವ ನೀರನ್ನು ಅಳೆದು ಲೆಕ್ಕವಿಡುವ ಕೆಲಸ ಹಿಂದೆ ಬಿದ್ದಿದೆ. ಅದನ್ನು ತಮ್ಮ ಇಲಾಖೆ ಮುಂದೆ ನಿಂತು ಮಾಡಿಸಬೇಕೆಂಬುದು ನನ್ನ ಕೋರಿಕೆ.

ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ವಾರ್ಷಿಕ ಸರಾಸರಿ ಮಳೆ 700 ಮಿಲಿಮೀಟರಿಗಿಂತ ತುಸು ಹೆಚ್ಚು. ಗುಣಿಸಿ ನೋಡಿದರೆ ಸಾಮಾನ್ಯ ವರ್ಷದಲ್ಲಿ ನಮ್ಮ ನೆಲದ ಮೇಲೆ ಸುಮಾರು 100 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಬೀಳುತ್ತದೆ. ಕೆ.ಸಿ. ವ್ಯಾಲಿಯ ದಿನಕ್ಕೆ 440 ದಶಲಕ್ಷ ಲೀಟರ್ ನೀರು ವರ್ಷವಿಡೀ ತಪ್ಪದೆ ಬಂದರೂ ಅದು 6 ಟಿಎಂಸಿ ಮುಟ್ಟುವುದಿಲ್ಲ. ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯ 24.01 ಟಿಎಂಸಿಯಂತೂ ಹಲವು ಜಿಲ್ಲೆಗಳಿಗೆ ಹಂಚಿಹೋಗಬೇಕಾದದ್ದು. ಮಳೆಯ ಬಹುಪಾಲು ಮಣ್ಣು, ಮರ, ಪೈರುಗಳಿಂದ ಆವಿಯಾಗಿ ಹೋಗುತ್ತದೆ, ಬಿಸಿಲ ಸೀಮೆಯಲ್ಲಿ ಅದನ್ನು ತಪ್ಪಿಸಲಾಗದು. ಆದರೆ ಮಿಕ್ಕಿದ್ದರಲ್ಲಿ ಕೆರೆಗೆ ಬಂದದ್ದೆಷ್ಟು, ನೆಲಕ್ಕೆ ಇಳಿದದ್ದೆಷ್ಟು, ಗಡಿ ದಾಟಿದ್ದೆಷ್ಟು? 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಬಿದ್ದಾಗ ಜನ ಬಾಗಿನ ಅರ್ಪಿಸಿ ಸಂಭ್ರಮಿಸಿದರು. ಪ್ರತಿ ಕೋಡಿಯಲ್ಲೂ ಒಂದು ಅಳತೆಗೋಲು ಇದ್ದಿದ್ದರೆ ಆ ಒಂದು ಮಳೆಗಾಲವೇ ಬಹಳಷ್ಟನ್ನು ತಿಳಿಸಿಬಿಡುತ್ತಿತ್ತು.

ನೆಲದೊಳಗಿನ ಸಂಗತಿ ಇನ್ನೂ ಸೂಕ್ಷ್ಮ. ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ತುಂಬಿದ ಕೆರೆಯ ಏರಿಯ ಕೆಳಗೆ ನಡೆದು ಹೋದರೆ, ಒಳಗೋಡೆಯ ಕಲ್ಲುಸಂದಿನಲ್ಲಿ ಅರಳಿಗಿಡ ಬೇರೂರಿದ ಹಳೆಯ ತೆರೆದ ಬಾವಿಯಲ್ಲಿ ಈಗ ನೀರು ಕಾಣುತ್ತದೆ. ಅದರ ಪಕ್ಕದ ಹೊಲದಲ್ಲೇ ಹೊಸದಾಗಿ ಕೊರೆಸಿದ ಬೋರಿನ ಬಿಳಿಯ ಕಲ್ಲುಪುಡಿಯ ಗುಡ್ಡೆಯೂ ಕಾಣುತ್ತದೆ. ಕೆರೆಯಿಂದ ದೂರದ ದಿಣ್ಣೆಯ ಊರಿನಲ್ಲಿ ಸಾವಿರ ಅಡಿ ದಾಟಿದರೂ ದೂಳೇ ಬರುವ ಬೋರುಗಳಿವೆ. ಬಂದ ನೀರು ಅಂತರ್ಜಲವಾಗಿ ಉಳಿಯಿತೋ, ಅಥವಾ ಹತ್ತಿರದ ಟೊಮೆಟೊ, ಹಿಪ್ಪುನೇರಳೆ ತೋಟಗಳಿಗೆ ಬಂದಷ್ಟೇ ಬೇಗ ಖರ್ಚಾಯಿತೋ ಎಂಬುದಕ್ಕೆ ಕೆರೆ ತುಂಬಿದ ಫೋಟೊ ಉತ್ತರ ಕೊಡಲಾರದು. ಸಾಲ ಮಾಡಿ ಬೋರು ಕೊರೆಸುವ ರೈತನನ್ನು ನಾನು ದೂರುವುದಿಲ್ಲ. ತನ್ನ ಕಾಲ ಕೆಳಗೆ ಎಷ್ಟು ನೀರಿದೆ ಎಂದು ಅವನಿಗೆ ಯಾರೂ ಹೇಳಿಲ್ಲ.

ಮೇಲೆತ್ತುವ ನೀರನ್ನು ಅಳೆಯಲು ಪ್ರತಿ ಬೋರಿಗೂ ಮೀಟರು ಹಾಕಬೇಕಿಲ್ಲ. 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ, ಅದು ಹಾಗೆಯೇ ಇರಲಿ. ಟ್ರಾನ್ಸ್‌ಫಾರ್ಮರ್ ಮಟ್ಟದಲ್ಲಿ ಖರ್ಚಾದ ವಿದ್ಯುತ್ತು, ಆ ಭಾಗದ ಬೋರುಗಳ ನೀರಿನ ಆಳ ಮತ್ತು ಪಂಪಿನ ದಕ್ಷತೆ, ಈ ಮೂರು ಗೊತ್ತಾದರೆ ಎತ್ತಿದ ನೀರಿನ ಪ್ರಮಾಣವನ್ನು ಸಾಕಷ್ಟು ಹತ್ತಿರಕ್ಕೆ ಲೆಕ್ಕ ಹಾಕಬಹುದು. ಇದಕ್ಕೆ ಬೇಕಾದದ್ದು ಇಂಧನ ಇಲಾಖೆ, ಅಂತರ್ಜಲ ನಿರ್ದೇಶನಾಲಯ ಮತ್ತು ತಮ್ಮ ಇಲಾಖೆ ಒಂದೇ ಮೇಜಿನ ಸುತ್ತ ಕೂರುವುದು.

ಅಟಲ್ ಭೂಜಲ ಯೋಜನೆಯಡಿ ಗ್ರಾಮ ಪಂಚಾಯಿತಿಗಳಿಗೆ ನೀರಿನ ಆಯವ್ಯಯ ಸಿದ್ಧಪಡಿಸುವ ಪದ್ಧತಿ ಬಂದಿದೆ, ಅದು ಒಳ್ಳೆಯ ಆರಂಭ. ಆದರೆ ಮೇಲಿನ ಪಂಚಾಯಿತಿ ಕಟ್ಟಿದ ಚೆಕ್‌ಡ್ಯಾಂ ಕೆಳಗಿನ ಪಂಚಾಯಿತಿಯ ಕೆರೆಗೆ ಬರುವ ನೀರನ್ನು ಎಷ್ಟು ತಡೆಯಿತು ಎಂಬುದು ಬಿಡಿಬಿಡಿ ಲೆಕ್ಕಗಳಲ್ಲಿ ಸಿಗುವುದಿಲ್ಲ. ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಅದಕ್ಕೂ ಹಿಂದಿನ ನೆಡುತೋಪುಗಳ ಕೆಳಗಿನ ಕೆರೆಗಳಿಗೆ ಹರಿವು ಎಷ್ಟಿದೆ, ಅವನ್ನು ತೆಗೆದ ಕಡೆ ಹೆಚ್ಚಿತೇ ಎಂಬುದನ್ನು ಅಕ್ಕಪಕ್ಕದ ಎರಡು ಸಣ್ಣ ಹಳ್ಳಗಳಲ್ಲಿ ಕೆಲವು ವರ್ಷ ಅಳೆದು ನೋಡಬೇಕು. ರಾಜಕಾಲುವೆಗಳ ಒತ್ತುವರಿಯ ಬಗ್ಗೆ ತಮಗೆ ನಾನು ಹೇಳಬೇಕಾದದ್ದೇನೂ ಇಲ್ಲ.

ಈ ಅಂಕಿಗಳು ಗಡಿಯಾಚೆಗೂ ಬೇಕು. ನದಿ ನೀರಿನ ಬಳಕೆ ಕುರಿತು ಮೈಸೂರು ಮತ್ತು ಮದ್ರಾಸ್ ನಡುವೆ ಆದ 1892ರ ಒಪ್ಪಂದದ ನೆರಳು ನಮ್ಮ ನದಿಗಳ ಮೇಲೆ ಇನ್ನೂ ಇದೆ. ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟಿನ ವಿಚಾರ ತಮಿಳುನಾಡಿನ ಆಕ್ಷೇಪದಿಂದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಕೆಳಗಿನ ರಾಜ್ಯದ ರೈತರಿಗೂ ನೀರು ಬೇಕು, ಅವರೊಡನೆ ಮಾತಿಗೆ ಕೂರುವಾಗ ವರ್ಷವರ್ಷದ ಹರಿವಿನ ದಾಖಲೆ ನಮ್ಮ ಕೈಯಲ್ಲಿರಬೇಕು.

ನೀರಿನ ಗುಣಮಟ್ಟವೂ ಇದೇ ಲೆಕ್ಕದ ಭಾಗವಾಗಲಿ. ಲಕ್ಷ್ಮೀಸಾಗರದಲ್ಲಿ ನೊರೆ ಕಂಡಾಗ ಹುಟ್ಟಿದ ಭಯ ಪೂರ್ತಿ ಹೋಗಿಲ್ಲ. ಮೂರನೇ ಹಂತದ ಶುದ್ಧೀಕರಣದ ಬೇಡಿಕೆ ನ್ಯಾಯವಾದದ್ದು. ಅದು ಆಗುವವರೆಗೆ ಕೆರೆಯ ನೀರು ಮತ್ತು ಸುತ್ತಲಿನ ಕುಡಿಯುವ ನೀರಿನ ಬೋರುಗಳ ಪರೀಕ್ಷಾ ಫಲಿತಾಂಶವನ್ನು, ಫ್ಲೋರೈಡ್ ಸೇರಿದಂತೆ, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಹಾಕಿಸಿ.

ಮೊದಲಿಗೆ ಪಾಲಾರ್ ಒಂದನ್ನೇ ಆರಿಸಿಕೊಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆಯ ಮೇಲ್ಭಾಗದಿಂದ ಬೇತಮಂಗಲ, ರಾಮಸಾಗರ ಕೆರೆಗಳನ್ನು ದಾಟಿ ಆಂಧ್ರದ ಗಡಿಯವರೆಗೆ ಅದರ ಸರಣಿ ಕೆರೆಗಳಿಗೆ ಮುಂದಿನ ಮುಂಗಾರಿನೊಳಗೆ ಅಳತೆಗೋಲು ಹಾಕಿಸಿ, ಓದಿ ಬರೆದಿಡುವ ಕೆಲಸವನ್ನು ಕೆರೆಯ ನೀರು ಹಂಚುವ ಊರಿನ ನೀರುಗಂಟಿಗಳಿಗೆ ಗೌರವಧನ ಕೊಟ್ಟು ವಹಿಸಿ. ಭಾರತೀಯ ವಿಜ್ಞಾನ ಸಂಸ್ಥೆಯಂಥ ಸಂಸ್ಥೆಗಳ ತಜ್ಞರು ಆ ಅಂಕಿಗಳನ್ನು ವಿಶ್ಲೇಷಿಸಲಿ. ಪ್ರತಿ ವರ್ಷ ಹಿಂಗಾರು ಮುಗಿದ ಮೇಲೆ, ಬೇಸಿಗೆ ಬೆಳೆಯ ನಾಟಿಗೆ ಮೊದಲು, ಆ ಲೆಕ್ಕ ಗ್ರಾಮಸಭೆಯ ಮುಂದೆ ಬರಲಿ; ಯಾವ ಬೆಳೆ ಎಷ್ಟು ಎಕರೆ ಇಡಬೇಕೆಂಬ ತೀರ್ಮಾನವನ್ನು ರೈತರು ಅದನ್ನು ನೋಡಿಕೊಂಡು ಮಾಡಲಿ.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಕೃಷಿಕ